ಸವಳು ನೀರು, ದುಬಾರಿ ಬ್ರಷ್, ಕುತ್ತಿಗೆಯ ಗುಳ್ಳೆ

ಪ್ರಶ್ನೆ: ಡಾಕ್ಟ್ರೇ, ನನಗೆ 32 ವರ್ಷ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಹತ್ತಿರದ ಹಳ್ಳಿ. ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕೆಲಸ. ಧೂಳಿನ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು ಅಂತ ದಿನಾ ದಾಡಿ ಮಾಡಿಕೊಂಡೇ ಹೋಗಬೇಕು. ಎರಡು ವರ್ಷದಿಂದ ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗುಳ್ಳೆ. ಕೆಲವದರಲ್ಲಿ ಕೀವು, ಕೆಲವು ಒಣಗಿ ಕಪ್ಪು ಕಲೆ ಆಗಿವೆ. ಮೂರು ಬ್ಲೇಡಿನ ರೇಜರ್, ಒತ್ತಿದರೆ ಬರುವ ಡಬ್ಬಿ ನೊರೆ ಬಳಸುತ್ತಿದ್ದೆ. "ಹಿಂದಿನವರ ಹಾಗೆ ಬ್ರಷ್ ಹಾಕಿ ಮಾಡು, ಎಲ್ಲ ಹೋಗುತ್ತೆ" ಅಂತ ಗೆಳೆಯ ಹೇಳಿದ. ಆನ್‌ಲೈನಿನಲ್ಲಿ 1,800 ರೂಪಾಯಿ ಕೊಟ್ಟು ಬ್ಯಾಜರ್ ಎಂಬ ಕಾಡುಪ್ರಾಣಿಯ ಕೂದಲಿನ ಬ್ರಷ್, ಜೊತೆಗೆ ಶೇವಿಂಗ್ ಸೋಪು ತರಿಸಿದೆ. ನಮ್ಮದು ಬೋರಿನ ನೀರು. ನೊರೆ ನಿಲ್ಲುವುದೇ ಇಲ್ಲ. ಬ್ರಷ್ಷಿನ ಕೂದಲು ಉದುರುತ್ತಿದೆ. ಒದ್ದೆಯಾದರೆ ನೆನೆದ ನಾಯಿಯ ವಾಸನೆ. ಗುಳ್ಳೆ ಮಾತ್ರ ಹಾಗೇ ಇವೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬು ಹಚ್ಚಿದರೆ ನಾಲ್ಕು ದಿನ ಆರಾಮ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ಈಗ ನಮ್ಮ ಮಾವನವರು "ಪ್ರಾಣಿ ಕೂದಲಿನ ಬ್ರಷ್ಷಿನಿಂದ ರೋಗ ಬರುತ್ತೆ, ಎಸೆದುಬಿಡು" ಅನ್ನುತ್ತಿದ್ದಾರೆ. ತಮ್ಮನೂ ಅದೇ ಬ್ರಷ್ ಬಳಸುತ್ತಾನೆ. ಎಸೆಯಲೋ, ಇಟ್ಟುಕೊಳ್ಳಲೋ?

ಉತ್ತರ: ಎಸೆಯಬೇಡಿ. ಆದರೆ ಗುಳ್ಳೆ ವಾಸಿಮಾಡುವ ಕೆಲಸವನ್ನು ಅದಕ್ಕೆ ಒಪ್ಪಿಸಲೂಬೇಡಿ. ನಿಮ್ಮ ಪತ್ರದಲ್ಲಿ ಮೂರು ತೊಂದರೆ ಒಂದಕ್ಕೊಂದು ಗಂಟು ಬಿದ್ದಿವೆ. ನೊರೆ ಬಾರದಿರುವುದು ನೀರಿನ ತೊಂದರೆ. ಗುಳ್ಳೆ ರೇಜರಿನದು, ಅದನ್ನು ಹಿಡಿದ ಕೈಯದು. ರೋಗದ ಭಯಕ್ಕೆ ಒಂದು ಹಳೇ ಕಥೆ ಇದೆ, ಆಮೇಲೆ ಹೇಳುತ್ತೇನೆ. ಬ್ರಷ್ ಪಾಪ, ಮೂರಕ್ಕೂ ಬೈಸಿಕೊಳ್ಳುತ್ತಿದೆ.

ಎಲ್ಲಕ್ಕಿಂತ ಮೊದಲು ಆ ಟ್ಯೂಬಿನ ಮಾತು. ನನ್ನ ಹತ್ತಿರ ಬರುವ ದಾಡಿ ಗುಳ್ಳೆಯವರಲ್ಲಿ ಜಾಸ್ತಿ ಜನ ಇಂಥದ್ದೊಂದನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ಹೊರಗೆ ತೆಗೆದು ಹಿಂಬದಿ ಓದಿದರೆ ಸಾಮಾನ್ಯವಾಗಿ ಮೂರು ಔಷಧಿ ಕೂಡಿದ ಮುಲಾಮು: ಹುಳುಕಡ್ಡಿಗೆ ಒಂದು, ಕೀವಿಗೆ ಒಂದು, ಜೊತೆಗೆ ಜೋರಾದ ಸ್ಟಿರಾಯ್ಡ್. ನಾಲ್ಕು ದಿನದ ಆರಾಮ ಆ ಸ್ಟಿರಾಯ್ಡಿನದು. ಅದು ಕೆಂಪನ್ನೂ ಉರಿಯನ್ನೂ ತಗ್ಗಿಸುತ್ತದೆ, ಗುಳ್ಳೆಯ ಕಾರಣವನ್ನು ಮುಟ್ಟುವುದಿಲ್ಲ. ಬಿಟ್ಟ ಕೂಡಲೇ ಎಲ್ಲವೂ ಬಡ್ಡಿ ಸಮೇತ ವಾಪಸ್. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳ್ಳಗಾಗಿ, ಬಿಸಿಲಿಗೆ ಹೋದರೆ ಉರಿಯುತ್ತದೆ, ಸಣ್ಣ ರಕ್ತನಾಳಗಳು ಕೆಂಪು ಗೆರೆಯ ಹಾಗೆ ಕಾಣತೊಡಗುತ್ತವೆ. 2018ರಲ್ಲೇ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ "ಅಣ್ಣಾ, ದಾಡಿ ಗುಳ್ಳೆಗೆ ಏನಾದ್ರೂ ಕೊಡ್ರಿ" ಅಂದರೆ ಕೈಗೆ ಬರುವುದು ಅದೇ. ನಿಮ್ಮ ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಹೆಸರಿದೆಯಾ ನೋಡಿ. ಇದ್ದರೆ ಅದನ್ನು ಬಿಡುವ ದಾರಿಯನ್ನು ಚರ್ಮದ ವೈದ್ಯರನ್ನೇ ಕೇಳಿ. ಬಹಳ ದಿನ ಹಚ್ಚಿದ್ದರೆ ಬಿಟ್ಟ ಮೇಲೆ ಕೆಲವು ವಾರ ಮುಖ ಕೆಂಪಾಗಿ ಉರಿಯುತ್ತದೆ. ಅದಕ್ಕೆ ಹೆದರಿ ಮತ್ತೆ ಅದೇ ಟ್ಯೂಬಿಗೆ ಕೈ ಹಾಕುವವರೇ ಜಾಸ್ತಿ.

ಈಗ ಗುಳ್ಳೆ. ದಾಡಿಯ ಜಾಗದ ಗುಳ್ಳೆಗಳೆಲ್ಲ ಒಂದೇ ರೋಗವಲ್ಲ. ಮೂರನ್ನು ಬೇರೆ ಮಾಡಿ ನೋಡಬೇಕು.

ಮೊದಲನೆಯದು ಒಳಗೆ ತಿರುಗಿದ ಕೂದಲು. ಗುಂಗುರು ಅಥವಾ ಬಾಗಿದ ಕೂದಲನ್ನು ಓರೆಯಾಗಿ ಕತ್ತರಿಸಿದರೆ ತುದಿ ಸೂಜಿಯ ಹಾಗೆ ಚೂಪಾಗುತ್ತದೆ. ಬೆಳೆಯುತ್ತಾ ಬಾಗಿ, ಪಕ್ಕದ ಚರ್ಮಕ್ಕೇ ಚುಚ್ಚಿಕೊಂಡು ಒಳಗೆ ಹೋಗುತ್ತದೆ. ಕೆಲವೊಮ್ಮೆ ಹೊರಗೇ ಬರದೆ, ತನ್ನ ಬೇರಿನ ಗೋಡೆಯನ್ನೇ ತೂತು ಮಾಡುತ್ತದೆ. ದೇಹ ಅದನ್ನು ಮುಳ್ಳು ಚುಚ್ಚಿದ ಹಾಗೆಯೇ ತಿಳಿದು ಅಲ್ಲಿ ಗುಳ್ಳೆ ಏಳಿಸುತ್ತದೆ. ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಇದು ಜಾಸ್ತಿ, ಯಾಕೆಂದರೆ ಅಲ್ಲಿ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಒರಗಿರುತ್ತದೆ. ನೀವು ಬರೆದಿರುವ ಜಾಗ, ಕಪ್ಪು ಕಲೆ, ದಿನದ ದಾಡಿ, ಮೂರು ಬ್ಲೇಡು ಎಲ್ಲ ಸೇರಿಸಿದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಎರಡನೆಯದು ಕೂದಲ ಬೇರಿಗೆ ಕೀವಿನ ಸೋಂಕು. ಚರ್ಮದ ಮೇಲೆ ಸುಮ್ನೆ ಇರುವ ಸ್ಟಾಫ್ ಬ್ಯಾಕ್ಟೀರಿಯಾ ಬ್ಲೇಡ್ ಗೀರಿದ ಜಾಗದಿಂದ ಒಳಗೆ ಇಳಿಯುತ್ತದೆ. ಪ್ರತಿ ಗುಳ್ಳೆಯ ನಡುವೆ ಒಂದು ಕೂದಲು, ಸುತ್ತ ಹಳದಿ ಕೀವು. ಇದು ಮತ್ತೆ ಮತ್ತೆ ಬರುತ್ತಿದ್ದರೆ, ದೊಡ್ಡ ಕುರು ಆಗುತ್ತಿದ್ದರೆ, ಸಕ್ಕರೆ ಕಾಯಿಲೆ ಇದೆಯಾ ಅಂತ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. 32 ವರ್ಷಕ್ಕೆ ಯಾಕೆ ಅನ್ನಬೇಡಿ. ದಾಡಿಯ ಕುರು ತೋರಿಸಲು ಬಂದು, ಸಕ್ಕರೆ ಇದೆ ಅಂತ ಅಲ್ಲೇ ಮೊದಲ ಬಾರಿಗೆ ತಿಳಿದು ಹೋದವರನ್ನು ನೋಡಿದ್ದೇನೆ.

ಮೂರನೆಯದು ಹುಳುಕಡ್ಡಿ, ಅಂದರೆ ಶಿಲೀಂಧ್ರ. ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ, ಅಂಚು ಉಂಗುರದಂತೆ, ಮೇಲೆ ಹೊಟ್ಟು, ತುರಿಕೆ, ಎಳೆದರೆ ಕೂದಲು ಸಲೀಸಾಗಿ ಕಿತ್ತು ಬರುತ್ತದೆ. ಮನೆಯಲ್ಲಿ ಎಮ್ಮೆ, ದನ, ಕರು ಇವೆಯಾ? ಅವುಗಳ ಮೈಮೇಲೆ ಕೂದಲು ಉದುರಿದ ಬೂದು ಬಣ್ಣದ ದುಂಡು ತೇಪೆ ಇದ್ದರೆ ಅಲ್ಲಿಂದಲೇ ಮನುಷ್ಯನ ಗಡ್ಡಕ್ಕೂ ಬರುತ್ತದೆ. ಸ್ಟಿರಾಯ್ಡ್ ಹಚ್ಚಿದಾಗ ಈ ರೋಗ ವೇಷ ಬದಲಿಸಿಬಿಡುತ್ತದೆ. ಉಂಗುರ, ಹೊಟ್ಟು ಮಾಯವಾಗಿ ಬರೀ ಗುಳ್ಳೆಯ ಹಾಗೆ ಕಾಣುತ್ತದೆ, ಒಳಗೊಳಗೇ ಹರಡುತ್ತದೆ. ನಿಮ್ಮದು ಇದೇ ಅಂತ ಹೇಳುತ್ತಿಲ್ಲ. ಆದರೆ ಟ್ಯೂಬು ಹಚ್ಚಿರುವುದರಿಂದ ಪತ್ರ ಓದಿ ಇದನ್ನು ತಳ್ಳಿಹಾಕಲು ಆಗುವುದಿಲ್ಲ. ಸ್ವಲ್ಪ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ನಿಮಗೆ ಕೊಪ್ಪಳವೇ ಹತ್ತಿರ, ವಾರದ ರಜೆಯ ಒಂದು ಬೆಳಿಗ್ಗೆ ಸಾಕು. ಹೋಗುವ ದಿನ ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಇನ್ನು ನೀರು. ನನ್ನ ಮಟ್ಟಿಗೆ ನಿಮ್ಮ ಪತ್ರದ ಮುಖ್ಯ ಸಾಲು "ನಮ್ಮದು ಬೋರಿನ ನೀರು" ಎಂಬುದೇ. ನಮ್ಮ ಕಡೆ ಸವಳು ನೀರು ಅಂದರೆ ಎಲ್ಲರಿಗೂ ಗೊತ್ತು. ಬೇಳೆ ಬೇಯುವುದಿಲ್ಲ, ತಲೆಗೂದಲು ತೊಳೆದರೂ ಅಂಟು ಅಂಟು, ಪಾತ್ರೆಯ ತಳದಲ್ಲಿ ಬಿಳಿ ಪದರ. ಬೇಳೆಯನ್ನು ಬೇಯಲು ಬಿಡದ ನೀರು ಸೋಪನ್ನು ನೊರೆಯಾಗಲು ಬಿಟ್ಟೀತಾ?

ಒಳಗೆ ಆಗುವುದು ಇಷ್ಟೇ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಸೋಪಿನ ಕೊಬ್ಬಿನ ಅಂಶ ಅವುಗಳ ಜೊತೆ ಕೂಡಿಕೊಂಡು ಕರಗದ ಬಿಳಿ ಜಿಡ್ಡಾಗುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ತನ್ನ ಪಾಲು ತಿಂದು ಮುಗಿಸುವವರೆಗೆ ನೊರೆಗೆ ಸೋಪೇ ಉಳಿಯುವುದಿಲ್ಲ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಅನ್ನುತ್ತದೆ, ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪುತ್ತದೆ. ಅಂದರೆ ಕುಡಿಯಲು ಪಾಸಾದ ನೀರು ದಾಡಿಗೆ ಫೇಲಾಗಬಹುದು. ಡಬ್ಬಿ ನೊರೆಯಲ್ಲಿ ನಿಮಗೆ ಈ ತೊಂದರೆ ಕಾಣಲಿಲ್ಲ, ಯಾಕೆಂದರೆ ಅದರ ನೀರು ಕಾರ್ಖಾನೆಯಲ್ಲೇ ಬೆರೆತು ಬಂದಿರುತ್ತದೆ. ಬ್ರಷ್ಷಿಗೆ ಬಂದ ಮೇಲೆ ನಿಮ್ಮ ಬೋರಿನ ನೀರಿಗೆ ಬಂದಿರಿ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಿ. ಎರಡು ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರು, ಎರಡೂ ಕಾಲು ಬಾಟಲಿ. ಶೇವಿಂಗ್ ಸೋಪನ್ನು ಉಗುರಿನಷ್ಟು ಕೆರೆದು ಎರಡಕ್ಕೂ ಸಮ ಹಾಕಿ ಜೋರಾಗಿ ಕುಲುಕಿ. ಒಂದರಲ್ಲಿ ನೊರೆ ತುಂಬಿ ನಿಲ್ಲುತ್ತದೆ. ಇನ್ನೊಂದರಲ್ಲಿ ಮಜ್ಜಿಗೆ ಒಡೆದ ಹಾಗೆ ಬಿಳಿ ಚೂರು ತೇಲುತ್ತದೆ. ಎರಡೂ ಒಂದೇ ತರ ಬಂದರೆ ನಾನು ಹೇಳಿದ್ದು ತಪ್ಪು, ಸೋಪೇ ಕಳಪೆ. ಬಟ್ಟೆ ಪುಡಿ, ಶಾಂಪೂ ಹಾಕಿ ನೋಡಬೇಡಿ, ಅವು ಗಡಸು ನೀರಿನಲ್ಲೂ ನೊರೆ ಬರುವಂತೆ ಮಾಡಿದವು.

ಪರಿಹಾರ ಅಗ್ಗ. ದಾಡಿಗೆ ಮಾತ್ರ ಒಂದು ಚೊಂಬು ಆ ಕ್ಯಾನಿನ ನೀರು ಬಳಸಿ. ಅರ್ಧ ಲೀಟರಿನಲ್ಲಿ ಬ್ರಷ್ ನೆನೆಸಿ, ನೊರೆ ಎಬ್ಬಿಸಿ, ಮುಖ ತೊಳೆದರೂ ಉಳಿಯುತ್ತದೆ. ಮಳೆಗಾಲದಲ್ಲಿ ತಗಡಿನ ಮೇಲಿಂದ ಹಿಡಿದ ಮಳೆ ನೀರಿನಷ್ಟು ಮೆತ್ತನೆಯದು ಬೇರೆ ಇಲ್ಲ. ಮೊದಲ ಮಳೆಯ ಧೂಳು ಮಾತ್ರ ಹೋಗಲಿ, ಕಾರ್ಖಾನೆ ಪಕ್ಕದ ಊರು ನಿಮ್ಮದು. ಬೋರಿನ ನೀರನ್ನೇ ಕಾಯಿಸಿ ಆರಿಸಿದರೆ ಒಂದು ಬಗೆಯ ಗಡಸು ತಳಕ್ಕೆ ಕೂರುತ್ತದೆ, ಇನ್ನೊಂದು ಬಗೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಗ್ಯಾಸು ಸುಡುವುದಕ್ಕಿಂತ ಕ್ಯಾನೇ ವಾಸಿ.

ಬ್ರಷ್ಷಿನ ವಿಷಯಕ್ಕೆ ಬರೋಣ. ಬ್ರಷ್ ಚರ್ಮಕ್ಕೆ ಔಷಧಿಯಲ್ಲ. ಕೂದಲನ್ನು ನೆಟ್ಟಗೆ ನಿಲ್ಲಿಸಿ ಬೇರುಸಮೇತ ಸರಿಮಾಡುತ್ತೆ ಅನ್ನುವುದೆಲ್ಲ ಮಾರುವವರ ಮಾತು. ಅದು ಮಾಡುವ ಕೆಲಸ ಒಂದೇ: ನೀರನ್ನು ಹಿಡಿದಿಟ್ಟುಕೊಂಡು, ಸೋಪಿನ ಜೊತೆ ಬೆರೆಸಿ, ಕೂದಲಿನ ಮೇಲೆ ನಿಲ್ಲಿಸುವುದು. ಗಡ್ಡದ ಕೂದಲು ಒಣಗಿದ್ದಾಗ ಗಟ್ಟಿ ತಂತಿ. ಎರಡು ಮೂರು ನಿಮಿಷ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಬ್ಲೇಡಿಗೆ ಬೇಕಾದ ಬಲ ತುಂಬಾ ಕಡಿಮೆಯಾಗುತ್ತದೆ. ಬ್ರಷ್ ಹಿಡಿದವನು ಬೇಡ ಅಂದರೂ ಆ ಎರಡು ನಿಮಿಷ ಅಲ್ಲಿ ನಿಲ್ಲುತ್ತಾನೆ. ಡಬ್ಬಿ ನೊರೆಯವನು ಹತ್ತು ಸೆಕೆಂಡಿಗೆ ಹಚ್ಚಿ ಎಳೆಯುತ್ತಾನೆ. ಬ್ರಷ್ಷಿನಿಂದ ಚರ್ಮ ಸುಧಾರಿಸಿತು ಅನ್ನುವವರಲ್ಲಿ ಬಹಳ ಜನಕ್ಕೆ ಸುಧಾರಣೆ ಕೊಟ್ಟಿದ್ದು ಆ ಎರಡು ನಿಮಿಷ.

ಕೂದಲಿನ ಬಗೆ ನೋಡಿದರೆ, ಬ್ಯಾಜರ್ ನೀರು ಚೆನ್ನಾಗಿ ಹಿಡಿಯುತ್ತದೆ, ತುದಿ ಮೆತ್ತಗೆ. ಬಹುಪಾಲು ಚೀನಾದಿಂದ ಬರುವ ಕೂದಲು. ಪ್ಯೂರ್, ಬೆಸ್ಟ್, ಸಿಲ್ವರ್‌ಟಿಪ್ ಅಂತ ಬರೆದಿರುತ್ತಾರೆ, ಎಲ್ಲ ಕಂಪನಿಗೂ ಒಂದೇ ಅಳತೆಗೋಲು ಇಲ್ಲ, ಅದಕ್ಕೆ ಹೆಸರು ನೋಡಿ ದುಡ್ಡು ಸುರಿಯಬೇಡಿ. ಹಂದಿ ಕೂದಲಿನದು ಅಗ್ಗ, ಮೊದಮೊದಲು ಒರಟು. ತಿಂಗಳು ಬಳಸಿದ ಮೇಲೆ ತುದಿ ಸೀಳಿ ಮೆತ್ತಗಾಗುತ್ತದೆ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹಂದಿ ಕೂದಲು ಮುಖಕ್ಕೆ ಸೋಕುವುದು ನಡೆಯುವುದಿಲ್ಲ. ಒಬ್ಬ ರೋಗಿ ಹತ್ತು ವರ್ಷ ಬಳಸಿದ ಬ್ರಷ್ ಯಾವ ಕೂದಲಿನದು ಅಂತ ನನ್ನ ಬಾಯಿಂದ ಕೇಳಿ ಮುಖ ಸಿಂಡರಿಸಿದ್ದು ನೆನಪಿದೆ. ಅಂದಿನಿಂದ ಕೇಳಿದವರಿಗಷ್ಟೇ ಹೇಳುತ್ತೇನೆ. ಸಿಂಥೆಟಿಕ್ ಎಳೆಯದ್ದಕ್ಕೆ ಈ ಯಾವ ತಕರಾರೂ ಇಲ್ಲ. ನೆನೆಸಬೇಕಿಲ್ಲ, ವಾಸನೆ ಇಲ್ಲ, ಬೇಗ ಒಣಗುತ್ತದೆ. ನನ್ನ ಮನೆಯಲ್ಲಿರುವುದು ಅದೇ.

ನಿಮ್ಮ ಬ್ರಷ್ಷಿನ ವಾಸನೆ ಬ್ಯಾಜರಿನ ಹುಟ್ಟುಗುಣ. ಶಾಂಪೂ ಹಾಕಿ ಎರಡು ಮೂರು ಸಲ ತೊಳೆದು ಒಣಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೊಸತರಲ್ಲಿ ಕಟ್ಟುವಾಗ ಸಿಕ್ಕಿಕೊಂಡ ಸಡಿಲ ಕೂದಲು ದಿನಕ್ಕೆ ಒಂದೆರಡು ಉದುರುವುದು ಸಹಜ. ತಿಂಗಳಾದರೂ ನಿಲ್ಲದಿದ್ದರೆ ಒಳಗಿನ ಅಂಟು ಸರಿಯಿಲ್ಲ, ವಾಪಸ್ ಕೊಡಿ. ಬಕೆಟ್ಟಿನ ಕುದಿಯುವ ನೀರಿಗೆ ಅದ್ದುವ ಅಭ್ಯಾಸ ಇದ್ದರೆ ಅಂಟು ಸಡಿಲಾಗುವುದು ಅದರಿಂದಲೇ. ಕೈ ತಡೆಯುವ ಬಿಸಿ ಸಾಕು. ಏಪ್ರಿಲ್ ಮೇನಲ್ಲಿ ನಮ್ಮ ಮಾಳಿಗೆ ಮೇಲಿನ ಟ್ಯಾಂಕಿನ ನೀರಿಗೆ ಗೀಸರ್ ಯಾಕೆ, ಅಲ್ವಾ?

ಈಗಾಗಲೇ ಎಳೆಗಳ ನಡುವೆ ಸೋಪಿನ ಬಿಳಿ ಜಿಡ್ಡು ಕೂತಿರುತ್ತದೆ. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಕೂದಲಷ್ಟೇ ಮುಳುಗುವ ಹಾಗೆ ಹತ್ತು ನಿಮಿಷ ಇಡಿ. ಹುಳಿ ಆ ಜಿಡ್ಡನ್ನು ಒಡೆಯುತ್ತದೆ. ಆಮೇಲೆ ಶಾಂಪೂ ಹಾಕಿ ತೊಳೆಯಲೇಬೇಕು, ಇಲ್ಲದಿದ್ದರೆ ಒಡೆದ ಕೊಬ್ಬು ಅಲ್ಲೇ ಉಳಿಯುತ್ತದೆ. ದಿನಾ ಬಳಸಿದ ಮೇಲೆ ತೊಳೆದು, ಝಾಡಿಸಿ, ಗಾಳಿ ಆಡುವ ನೆರಳಿನಲ್ಲಿ ನಿಲ್ಲಿಸಿ. ಬಚ್ಚಲಿನ ಕಪಾಟಿನಲ್ಲಿ ಮುಚ್ಚಿಟ್ಟರೆ ಬೂಸು ಹಿಡಿಯುತ್ತದೆ.

ಈಗ ಮಾವನವರ ಮಾತು. ಅವರು ಸುಮ್ನೆ ಹೇಳಿದ್ದಲ್ಲ, ಎಲ್ಲೋ ಕೇಳಿರಬೇಕು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ಯಾಜರ್ ಕೂದಲು ಸಿಗುವುದು ಕಷ್ಟವಾಯಿತು. ಕುದುರೆ ಕೂದಲಿಗೆ ಬಣ್ಣ ಹಾಕಿ ಬ್ಯಾಜರಿನ ಹಾಗೆ ಕಾಣಿಸಿ ಬ್ರಷ್ ಕಟ್ಟಿದರು. ಆ ಕೂದಲನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ. ಅದರಲ್ಲಿ ಆಂಥ್ರಾಕ್ಸ್, ಅಂದರೆ ದನ ಕುರಿಗೆ ಬರುವ ನೆರಡಿ ರೋಗದ ಬೀಜಾಣು ಉಳಿದಿತ್ತು. ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರಿಗೆ ಹೊಸ ಬ್ರಷ್ಷಿನಿಂದ ಮುಖ, ಕುತ್ತಿಗೆಯ ಮೇಲೆ ಕಪ್ಪು ಹುಣ್ಣು ಎದ್ದಿತು. ಕೆಲವರು ಸತ್ತರು. ಆಮೇಲೆ ಕೂದಲನ್ನು ಶುದ್ಧ ಮಾಡಿಯೇ ಬಳಸಬೇಕು ಎಂಬ ನಿಯಮಗಳು ಬಂದವು. ಹಾಗಾಗಿ ಮಾವನವರು ನೂರು ವರ್ಷ ಹಿಂದಿನ ಬ್ರಷ್ಷಿನ ಬಗ್ಗೆ ಹೇಳಿದ್ದರೆ ಪೂರ್ತಿ ಸರಿ. ಅಜ್ಜನ ಪೆಟ್ಟಿಗೆಯಲ್ಲಿ ಅಂಥ ಹಳೇ ಕುದುರೆ ಕೂದಲಿನ ಬ್ರಷ್ ಸಿಕ್ಕರೆ ನೋಡಲು ಇಟ್ಟುಕೊಳ್ಳಿ, ಮುಖಕ್ಕೆ ಬೇಡ. ಇವತ್ತು ತೊಳೆದು ಸಂಸ್ಕರಿಸಿ ಕಟ್ಟಿದ ಹೊಸ ಬ್ರಷ್ಷಿಗೆ ಆ ಭಯ ಬೇಕಿಲ್ಲ.

ನಾನು ಹೆದರುವುದು ಬೇರೆಯದಕ್ಕೆ. ಒಂದೇ ಬ್ಲೇಡು, ಒಂದೇ ಬ್ರಷ್, ಒಂದೇ ಪಟಿಕ ಹಲವರ ಮುಖಕ್ಕೆ ಹೋಗುವುದಕ್ಕೆ. ದಾಡಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಬಂದೇ ಬರುತ್ತದೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕಡೇಪಕ್ಷ ಏಳು ದಿನ ಬದುಕಿರುತ್ತದೆ. ಬ್ಲೇಡಿನ ಅಪಾಯ ದೊಡ್ಡದು, ಬ್ರಷ್ಷಿನದು ಅದಕ್ಕಿಂತ ಸಣ್ಣದು. ಆದರೆ ಕೀವಿನ ಸೋಂಕು, ಹುಳುಕಡ್ಡಿ ಹರಡಲು ಬ್ರಷ್ ಸಾಕು. ಕಟಿಂಗ್ ಅಂಗಡಿಯಲ್ಲಿ ಕಣ್ಣೆದುರೇ ಹೊಸ ಬ್ಲೇಡು ಮುರಿದು ಹಾಕುವುದನ್ನು ಈಗ ಎಲ್ಲರೂ ನೋಡುತ್ತೇವೆ. ಬ್ರಷ್ ಮಾತ್ರ ಬೆಳಗಿನಿಂದ ಒಂದೇ. ನಿಮ್ಮದನ್ನೇ ತೆಗೆದುಕೊಂಡು ಹೋದರೆ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಕೇಳಿದಾಗ ನಮ್ಮ ಬೀದಿಯವರು "ಎಲ್ರೂ ಹಂಗ ತಂದ್ರ ನನಗ ತೊಳಿಯೂದು ತಪ್ಪತೈತ್ರಿ" ಅಂದರು.

ಇನ್ನು ಕೈ. ಇದರ ಮೇಲೆ ನಿಮ್ಮ ಕುತ್ತಿಗೆಯ ಹಣೆಬರಹ ನಿಂತಿದೆ.

ಮೂರು ಬ್ಲೇಡಿನ ರೇಜರಿನಲ್ಲಿ ಮುಂದಿನ ಬ್ಲೇಡು ಕೂದಲನ್ನು ಸ್ವಲ್ಪ ಎಳೆದು ಕತ್ತರಿಸುತ್ತದೆ. ಅದು ವಾಪಸ್ ಒಳಗೆ ಸರಿಯುವ ಮೊದಲೇ ಹಿಂದಿನ ಬ್ಲೇಡು ಇನ್ನೊಮ್ಮೆ ಕತ್ತರಿಸುತ್ತದೆ. ಕತ್ತರಿಸಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. ಮುಟ್ಟಿದರೆ ನುಣುಪು, ಜಾಹೀರಾತಿಗೆ ಚೆಂದ. ನೆಟ್ಟಗಿನ ಕೂದಲಿನವರಿಗೆ ಏನೂ ಆಗದಿರಬಹುದು. ಬಾಗಿದ ಕೂದಲಿನವರಿಗೆ ಅದೇ ಗುಳ್ಳೆಯ ಬೀಜ. ನಿಮಗೆ ಬೇಕಾಗಿರುವುದು ಸ್ವಲ್ಪ ಕಡಿಮೆ ನುಣುಪು. ಎರಡು ಅಂಚಿನ ಒಂದೇ ಬ್ಲೇಡು ಹಾಕುವ ಹಳೇ ಬಗೆಯ ರೇಜರ್ ತನ್ನಿ. ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಮಾದರಿ, ಇವತ್ತಿಗೂ ಎಲ್ಲ ಕಿರಾಣಿ ಅಂಗಡಿಯಲ್ಲಿ ಅದಕ್ಕೆ ಬ್ಲೇಡು ಸಿಗುತ್ತದೆ.

ಎರಡು ದಿನ ಗಡ್ಡ ಬಿಟ್ಟಾಗ ಕುತ್ತಿಗೆಯ ಮೇಲೆ ಬೆರಳಾಡಿಸಿ. ಯಾವ ಕಡೆ ಸವರಿದರೆ ನುಣುಪೋ ಅದು ಕೂದಲು ಒರಗಿದ ದಿಕ್ಕು. ಯಾವ ಕಡೆ ಚುಚ್ಚುತ್ತದೋ ಅದು ಉಲ್ಟಾ. ಬಹಳ ಜನರಿಗೆ ಕುತ್ತಿಗೆಯ ಕೆಳಭಾಗದಲ್ಲಿ ಕೂದಲು ಮೇಲಕ್ಕೆ ಅಥವಾ ಪಕ್ಕಕ್ಕೆ ಒರಗಿರುತ್ತದೆ, ಅವರಿಗೆ ಅದು ಗೊತ್ತೇ ಇರುವುದಿಲ್ಲ. ಬ್ಲೇಡು ಒರಗಿದ ದಿಕ್ಕಿಗೇ ಹೋಗಲಿ. ಒಂದೇ ಸಲ. ಉಲ್ಟಾ ಎಳೆಯಬೇಡಿ, ಇನ್ನೊಂದು ಕೈಯಲ್ಲಿ ಚರ್ಮ ಎಳೆದು ಹಿಡಿಯಬೇಡಿ, ಎಳೆದು ಹಿಡಿದರೆ ಮತ್ತೆ ಚರ್ಮದೊಳಗೇ ಕತ್ತರಿಸಿದ ಹಾಗೆ. ಒತ್ತಬೇಡಿ, ರೇಜರಿನ ತೂಕವೇ ಸಾಕು. ಮೊದಲ ವಾರ ಒಂದೆರಡು ಕಡೆ ಕುಯ್ದುಕೊಳ್ಳುತ್ತೀರಿ, ಹೊಸ ರೇಜರಿನ ಸುಂಕ ಅದು.

ನೊರೆಯ ಹದ ಗಟ್ಟಿ ಮೊಸರಿನದು. ಹೊಳೆಯಬೇಕು. ಗುಳ್ಳೆಗುಳ್ಳೆಯಾಗಿ ಹಗುರ ಇದ್ದರೆ ಸೋಪು ಕಡಿಮೆ, ಅಂಟಂಟಾಗಿ ಬೇಗ ಒಣಗಿದರೆ ನೀರು ಕಡಿಮೆ. ಇನ್ನೊಂದು ವಿಷಯ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ: ಬೇಸಿಗೆಯಲ್ಲಿ ದಾಡಿ ಮಾಡುವಾಗ ಫ್ಯಾನ್ ಆರಿಸಿ. ನಮ್ಮ ಒಣ ಗಾಳಿಗೆ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಪಾಪಡಿಯಾಗಿರುತ್ತದೆ. ಕೀವು ತುಂಬಿದ ಗುಳ್ಳೆಯ ಮೇಲೆ ಬ್ರಷ್ಷನ್ನು ಗರಗರ ತಿರುಗಿಸಬೇಡಿ, ಸುಣ್ಣ ಬಳಿಯುವ ಹಾಗೆ ಮೇಲೆ ಕೆಳಗೆ ಸವರಿ. ಆಮೇಲೆ ಪಟಿಕ ಬೇಕಿದ್ದರೆ ಉಜ್ಜಿ. ಸಣ್ಣ ಗೀರಿನ ರಕ್ತ ನಿಲ್ಲುತ್ತದೆ, ಸೋಂಕು ಕೊಲ್ಲುತ್ತೆ ಅಂತ ನಂಬಬೇಡಿ. ಸ್ಪಿರಿಟ್ ವಾಸನೆಯ ಆಫ್ಟರ್‌ಶೇವ್ ನಿಮ್ಮ ಚರ್ಮಕ್ಕೆ ಈಗ ಬೇಡವೇ ಬೇಡ.

ನಿಮ್ಮ ಕೆಲಸಕ್ಕೆ ಸೇರಿದ ಒಂದು ಮಾತು. ಅದಿರು, ಕಲ್ಲಿದ್ದಲ ಧೂಳು ಮುಖದ ಮೇಲಿರುವಾಗ ಬ್ಲೇಡು ಎಳೆದರೆ ಉಸುಕು ಕಾಗದದಲ್ಲಿ ಉಜ್ಜಿದ ಹಾಗೆ. ಮೊದಲು ಮುಖ ತೊಳೆಯಿರಿ. ದಾಡಿ ಮಾಡಿದ ತಕ್ಷಣ ರಬ್ಬರ್ ಅಂಚಿನ ಮಾಸ್ಕ್ ಹಾಕಿ ಎಂಟು ಗಂಟೆ ಬೆವತರೆ ಹಸಿ ಗೀರುಗಳ ಮೇಲೆ ಉಪ್ಪು, ಧೂಳು, ಒತ್ತಡ ಎಲ್ಲ ಒಟ್ಟಿಗೆ ಬೀಳುತ್ತವೆ. ಗಡ್ಡ ದಿನಕ್ಕೆ ಬೆಳೆಯುವುದು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಶಿಫ್ಟಿಗೆ ಮೊದಲು ಎರಡು ಮೂರು ಗಂಟೆ ಬಿಡುವಿಟ್ಟು ದಾಡಿ ಮಾಡಿಕೊಂಡರೂ ಮಾಸ್ಕಿನ ಹಿಡಿತಕ್ಕೆ ತೊಂದರೆ ಇಲ್ಲ, ಚರ್ಮಕ್ಕೆ ಉಸಿರಾಡಲು ಹೊತ್ತು ಸಿಗುತ್ತದೆ. ಮಾಸ್ಕಿನ ಅಂಚನ್ನು ದಿನಾ ಒರೆಸಿ.

ಇಷ್ಟನ್ನು ಆರು ವಾರ ಮಾಡಿ ನೋಡಿ. ಜೊತೆಗೆ ಬೆನ್ಸಾಯಿಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಇರುವ ಜೆಲ್ ಸಹಾಯ ಮಾಡುತ್ತದೆ. ಆದರೆ ಹುಳುಕಡ್ಡಿ ಅಲ್ಲ ಅಂತ ಖಾತ್ರಿಯಾದ ಮೇಲೆ, ವೈದ್ಯರು ಹೇಳಿದಷ್ಟೇ. ಮೊದಲನೆಯದು ಟವೆಲಿನ ಬಣ್ಣ ಬಿಡಿಸುತ್ತದೆ, ಎರಡೂ ಮೊದಮೊದಲು ಚರ್ಮ ಒಣಗಿಸುತ್ತವೆ. ಕಪ್ಪು ಕಲೆ ಮಾತ್ರ ಗುಳ್ಳೆ ನಿಂತ ಮೇಲೂ ತಿಂಗಳುಗಟ್ಟಲೆ ಇರುತ್ತದೆ, ಆತುರಪಟ್ಟು ಬಿಳಿ ಮಾಡುವ ಕ್ರೀಮಿಗೆ ಹೋಗಬೇಡಿ, ಅದರಲ್ಲೂ ಎಷ್ಟೋ ಸಲ ಸ್ಟಿರಾಯ್ಡೇ ಇರುತ್ತದೆ.

ಆರು ವಾರದಲ್ಲಿ ಬಗ್ಗದಿದ್ದರೆ? ತಿಂಗಳು ಗಡ್ಡ ಬಿಟ್ಟರೆ ಸಿಕ್ಕಿಕೊಂಡ ಕೂದಲು ಬೆಳೆದು ತಾನೇ ಹೊರಬರುತ್ತದೆ. ಬೇರೆಯವರಿಗೆ ನಾನು ಮೊದಲು ಹೇಳುವುದೇ ಇದು. ನಿಮಗೆ ಮಾಸ್ಕ್ ಅಡ್ಡ ಬರುತ್ತದೆ. ಕೂದಲ ಮೇಲೆ ಕೂತ ಮಾಸ್ಕಿನ ಪಕ್ಕದಿಂದ ಧೂಳು ನುಗ್ಗುತ್ತದೆ, ಚರ್ಮ ಉಳಿಸಲು ಹೋಗಿ ಶ್ವಾಸಕೋಶ ಕಳೆದುಕೊಳ್ಳುವುದು ಬೇಡ. ಮುಖಕ್ಕೆ ಅಂಟದೆ, ತಲೆ ಮೇಲಿಂದ ಗಾಳಿ ಊದುವ ಟೋಪಿಯಂಥ ಸಲಕರಣೆ ಇದೆ, ಅದಕ್ಕೆ ಗಡ್ಡ ಅಡ್ಡಿಯಲ್ಲ. ವೈದ್ಯರ ಚೀಟಿ ಹಿಡಿದು ಸೇಫ್ಟಿ ಆಫೀಸರನ್ನು ಕೇಳಿ. ಸಿಗದಿದ್ದರೆ ತಿಂಗಳ ಮಟ್ಟಿಗೆ ಧೂಳಿಲ್ಲದ ಜಾಗಕ್ಕೆ ಹಾಕಲು ಕೇಳಿ. ಅರ್ಧ ಮಿಲಿಮೀಟರ್ ಬಿಡುವ ಟ್ರಿಮ್ಮರ್ ಗುಳ್ಳೆಗೆ ಒಳ್ಳೆಯದು, ಆದರೆ ಅದರ ಮೇಲೆ ಮಾಸ್ಕ್ ಸರಿಯಾಗಿ ಕೂರುತ್ತದಾ ಅಂತ ಅವರಲ್ಲೇ ಪರೀಕ್ಷೆ ಮಾಡಿಸಬೇಕು. ಕೂದಲು ಕರಗಿಸುವ ಕ್ರೀಮು ನಿಮ್ಮ ಈಗಿನ ಚರ್ಮವನ್ನು ಸುಡುತ್ತದೆ. ಲೇಸರ್ ಕೊನೆಯ ದಾರಿ. ಹಲವು ಸಲ ಹೋಗಬೇಕು, ದುಡ್ಡು ಜಾಸ್ತಿ, ಕುತ್ತಿಗೆಯ ಗಡ್ಡ ಮತ್ತೆ ಮೊದಲಿನಷ್ಟು ಬರುವುದಿಲ್ಲ. ನಮ್ಮಂಥ ಕಪ್ಪು ಚರ್ಮಕ್ಕೆ ಎನ್‌ಡಿ ಯಾಗ್ ಅನ್ನುವ ಬಗೆ ಹೆಚ್ಚು ಸುರಕ್ಷಿತ, ಬೇರೆಯದರಲ್ಲಿ ಸುಟ್ಟ ಕಲೆ ಬೀಳುವ ಭಯ ಜಾಸ್ತಿ. ಯಾವ ಯಂತ್ರ ಅಂತ ಕೇಳದೆ ಮಲಗಬೇಡಿ.

ಜ್ವರ ಬಂದರೆ, ಕೆಂಪು ಊತ ದಿನದಿನಕ್ಕೆ ಹರಡಿದರೆ, ಕುತ್ತಿಗೆಯಲ್ಲಿ ಗಂಟು ನೋಯತೊಡಗಿದರೆ ಈ ಆರು ವಾರದ ಲೆಕ್ಕ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ತಮ್ಮನ ವಿಷಯ ಮರೆಯುವ ಮೊದಲು: ಇವತ್ತಿನಿಂದಲೇ ಅವನು ನಿಮ್ಮ ಬ್ರಷ್ ಮುಟ್ಟುವುದು ಬೇಡ. ನಿಮಗಿರುವುದು ಹುಳುಕಡ್ಡಿಯಾಗಿದ್ದರೆ ಅವನಿಗೂ ಹತ್ತಿರಬಹುದು. ಕೊಪ್ಪಳಕ್ಕೆ ಹೋಗುವ ದಿನ ಅವನನ್ನೂ ಕರೆದುಕೊಂಡು ಹೋಗಿ, ಬರುವಾಗ ಅವನಿಗೊಂದು ಬೇರೆ ಬ್ರಷ್ ತನ್ನಿ. ಸಿಂಥೆಟಿಕ್ ಸಾಕು.